ಕಣದ ಮಾತಿಗೆಂದು ಕಲಿತ ಸ್ಪ್ಯಾನಿಶ್

ಕಾಫಿ ಬೆಳೆಯುವ ದೇಶಕ್ಕೆ ಹೋಗಿ, ಕಾಫಿ ಗುಡ್ಡದ ಬುಡದಲ್ಲೇ ಕೂತು, ಡಬ್ಬಿಯ ಪುಡಿಗೆ ಬಿಸಿನೀರು ಕಲಸಿದ್ದನ್ನು ಕುಡಿಯುವ ಗತಿ ಯಾರಿಗೂ ಬೇಡ. ಗ್ವಾಟೆಮಾಲಾದ ಆ ಹಳೆಯ ಊರಿನಲ್ಲಿ ಸ್ಪ್ಯಾನಿಶ್ ಕಲಿಯಲು ನಾನು ಸೇರಿದ ಶಾಲೆಯಲ್ಲಿ ಮೊದಲ ಬೆಳಿಗ್ಗೆ ನನ್ನ ಮುಂದೆ ಇಟ್ಟದ್ದು ಅದನ್ನೇ. ಲೋಟದ ಅಂಚಿಗೆ ಹಿಂದೆ ಕುಡಿದ ಯಾರದೋ ತುಟಿಯ ಬಣ್ಣ ಅಂಟಿತ್ತು. ಮೇಜು ಒರೆಸಿದ ಬಟ್ಟೆಯಲ್ಲೇ ಬಿಳಿ ಹಲಗೆಯನ್ನೂ ಒರೆಸಿದರು. ಐವತ್ತು ದಾಟಿದ ಟೀಚರಮ್ಮ ಉಗುರಿನಲ್ಲಿ ಕಿತ್ತಳೆ ಸುಲಿದು, ಆ ರಸದ ಕೈಯಲ್ಲೇ ನನ್ನ ಹೊಸ ಪುಸ್ತಕದ ಪುಟ ತಿರುವಿದರು. ಪುಟಕ್ಕೆ ಹಳದಿ ಬೆರಳಚ್ಚು ಬಿತ್ತು. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ತೆರೆದರೆ ಹೇಸಿಗೆಯಾಗುತ್ತದೆ, ಆದರೆ ಕಿತ್ತಳೆಯ ಕಾರಣಕ್ಕಲ್ಲ.

ಯಾಕೆ ಹೋದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಕಳಸದ ಕಡೆಯ ಸಣ್ಣ ಬೆಳೆಗಾರರ ಮನೆಮನೆಗೆ ಬಾಡಿಗೆ ಜೀಪಿನಲ್ಲಿ ಹೋಗಿ ಎರಡು ಚೀಲ, ಮೂರು ಚೀಲ ಕಾಫಿ ಎತ್ತಿಕೊಂಡು ಬರುತ್ತಿದ್ದವನು ನಾನು. ಅಪ್ಪ ಕೊಟ್ಟ ತೋಟ ಇಲ್ಲ, ಓದೂ ಅಷ್ಟಕ್ಕಷ್ಟೆ. ಮಾತಿನಲ್ಲೇ ಬೆಳೆದೆ. ಕೊಟ್ಟಿಗೆಹಾರದ ಹತ್ತಿರ ಸ್ವಂತದ್ದೊಂದು ಪಲ್ಪರ್, ಒಂದು ಸಿಮೆಂಟ್ ಕಣ ಮಾಡಿಕೊಂಡೆ. ಸುತ್ತಲಿನವರ ಹಣ್ಣು ತಂದು, ಪಲ್ಪರಿನಲ್ಲಿ ಸಿಪ್ಪೆ ಬಿಡಿಸಿ, ತೊಳೆದು, ಒಳಹೊಟ್ಟಿನ ಸಮೇತ ಕಣದಲ್ಲಿ ಒಣಗಿಸಿ ಪಾರ್ಚ್‌ಮೆಂಟ್ ಮಾಡಿ ಮಾರುವುದು ನನ್ನ ಕಸುಬು. ಆದರೆ ಈಗೀಗ ಅರೇಬಿಕಾ ಕೊಯ್ಲಿನ ಹೊತ್ತಿಗೇ ಮಳೆ ಹಿಡಿಯುತ್ತದೆ. ಸತತ ಎರಡು ವರ್ಷ ಕಣದಲ್ಲಿದ್ದ ಮಾಲು ಮುಗ್ಗಿತು. ಆ ವಾಸನೆ ಒಮ್ಮೆ ಹಿಡಿದರೆ ಯಾವ ಗಾಳಿಗೂ ಬಿಡುವುದಿಲ್ಲ. ಕೊಳ್ಳುವವರು ಚೀಲದ ಬಾಯಿ ಬಿಚ್ಚಿ, ಮೂಗು ಇಟ್ಟು, ಮತ್ತೆ ಕಟ್ಟಿ ವಾಪಸು ಕಳಿಸಿದರು. ಮೂರನೇ ವರ್ಷವೂ ಹೀಗಾದರೆ ಪಲ್ಪರ್ ಮಾರಿ ಮತ್ತೆ ಜೀಪು ಹತ್ತಬೇಕು, ಅಷ್ಟೆ.

ಆಗ ಮಲ್ಲಂದೂರಿನ ಬೆಳೆಗಾರರೊಬ್ಬರು ಹೇಳಿದರು. ಗ್ವಾಟೆಮಾಲಾದ ಉತ್ತರದಲ್ಲಿ ನಮ್ಮ ಹಾಗೇ ತುಂತುರು ಬಿಡದ ಗುಡ್ಡಗಳಿವೆ. ಅಲ್ಲೊಬ್ಬ ಮುದುಕರು ಯಾವ ಮಿಷನ್ನೂ ಇಲ್ಲದೆ, ಬಲೆಯ ಅಟ್ಟ, ಮೇಲೊಂದು ಪ್ಲಾಸ್ಟಿಕ್ಕಿನ ಮಾಡು, ಇಷ್ಟರಲ್ಲೇ ಮಳೆಯ ನಡುವೆ ಕಾಫಿ ಒಣಗಿಸುತ್ತಾರೆ. ಕಡ್ಡಿಯಷ್ಟೂ ವಾಸನೆಯಿಲ್ಲ. ಮಲ್ಲಂದೂರಿನವರು ಹಿಂದಿನ ವರ್ಷ ಹೋಗಿ ನೋಡಿ ಬಂದಿದ್ದರು.

"ಎಂತ ಹೇಳಿದ್ರು ಅವ್ರು? ಹೆಂಗೆ ಒಣಗಿಸ್ತಾರಂತೆ?" ಎಂದು ಕೇಳಿದೆ.

"ಎಂತ ಹೇಳೋದು ಮಾರಾಯ. ಮುದುಕ್ರು ಕಾಲು ಗಂಟೆ ಕೈ ತಿರುಗಿಸಿ ತಿರುಗಿಸಿ ಹೇಳಿದ್ರು. ನಮ್ಮ ಗೈಡು, 'ಅವರಿಗೆ ನಿಮ್ಮನ್ನ ನೋಡಿ ಖುಷಿ ಆಗಿದೆಯಂತೆ' ಅಂದ. ಅಷ್ಟೇ!"

ಅವರು ನಾಲ್ಕೈದು ಜನರನ್ನು ಕಟ್ಟಿಕೊಂಡು ಮತ್ತೆ ಹೊರಟಿದ್ದರು. ನಾನೂ ಸೇರಿಕೊಂಡೆ. ಆದರೆ ಗೈಡಿನ ಬಾಯಿ ನಂಬುವವನು ನಾನಲ್ಲ. ನಡುವೆ ಒಬ್ಬ ನಿಂತರೆ ಮಾಲಾಗಲಿ ಮಾತಾಗಲಿ ಪೂರ್ತಿ ಕೈಗೆ ಬರುವುದಿಲ್ಲ. ಅವರಿಗಿಂತ ಹತ್ತು ದಿನ ಮೊದಲೇ ಹೋಗಿ, ಒಬ್ಬನಿಗೆ ಒಬ್ಬರೇ ಟೀಚರ್ ಇರುವ ಪಾಠಕ್ಕೆ ಸೇರಿದೆ. ರೋಬಸ್ಟಾ ಕೊಯ್ಲಿನ ಕಣದ ಕೆಲಸ ಹೆಂಡತಿಯ ತಲೆಗೆ ಬಿತ್ತು.

ಪಾಠ ಅಂದರೆ ಎಂಥದ್ದು? ಸಮುದ್ರದ ದಂಡೆಗೆ ದಾರಿ ಯಾವುದು, ಇನ್ನೊಂದು ಬಿಯರ್ ಕೊಡಿ, ನಿಮ್ಮ ನಾಯಿ ಮುದ್ದಾಗಿದೆ. ಪಕ್ಕದ ಮೇಜುಗಳಲ್ಲಿ ಚಡ್ಡಿ ತೊಟ್ಟ ಬಿಳಿಯ ಹುಡುಗ ಹುಡುಗಿಯರು ಇದನ್ನೇ ಹೇಳಿ ಹೇಳಿ ಬಿದ್ದು ಬಿದ್ದು ನಗುತ್ತಿದ್ದರು. ನನ್ನ ಟೀಚರಮ್ಮ ದಿನವೂ ಮೊದಲ ಅರ್ಧ ಗಂಟೆ ಕುಶಲ ವಿಚಾರಿಸುವುದಕ್ಕೇ ಕಳೆಯುತ್ತಿದ್ದರು. ರಾತ್ರಿ ಹೇಗೆ ಕಳೆಯಿತು, ಊಟ ಹಿಡಿಸಿತೆ, ಹೆಂಡತಿ ಚೆನ್ನಾಗಿದ್ದಾರೆಯೆ? ನಾನು ಉತ್ತರಿಸಬೇಕು, ತಿರುಗಿ ಅವರನ್ನೂ ಕೇಳಬೇಕು. ಅವರು ಮಂಡಿನೋವಿನ ಕಥೆ ತೆಗೆಯುತ್ತಿದ್ದರು. ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತ ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ.

ನಮ್ಮಲ್ಲಿ ಸಂಜೆಯಾಗುವ ಹೊತ್ತಿಗೆ ಅಲ್ಲಿ ಬೆಳಿಗ್ಗೆ. ಪಾಠಕ್ಕೆ ಹೋಗುವ ಮೊದಲು ಮನೆಗೆ ಫೋನ್ ಮಾಡುತ್ತಿದ್ದೆ.

"ಎಂತ ಕಲಿಸಿದ್ರು ನಿನ್ನೆ?" ಎಂದಳು ಹೆಂಡತಿ.

"ನಿದ್ದೆ ಬಂತಾ ಅಂತ ಕೇಳೋದನ್ನ."

"ಒಳ್ಳೇದಾಯ್ತು ಬಿಡಿ. ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನನ್ನಂತೂ ಒಂದಿನ ಕೇಳಿಲ್ಲ. ಅಲ್ಲಾದ್ರೂ ಕಲೀರಿ."

"ಅದಕ್ಕಲ್ಲ ಕಣೇ ನಾನು ಬಂದಿದ್ದು."

"ಗೊತ್ತು ಮಾರಾಯ್ರೇ. ಆ ಮುದುಕ್ರ ಹತ್ರ ಸರಿಯಾಗಿ ಕೇಳ್ಕೊಂಡು ಬನ್ನಿ. ಮುಂದಿನ ಸಲನೂ ಮುಗ್ಗಿದ್ರೆ ಟಾರ್ಪಾಲ್ ಹಿಡ್ಕೊಂಡು ಮಳೇಲಿ ಓಡಕ್ಕೆ ನಾನಂತೂ ಬರಲ್ಲ."

ಮೂರನೇ ದಿನ ನಾನು ಚೌಕಾಸಿಗೆ ಇಳಿದೆ. ಟೀಚರಮ್ಮನಿಗೂ ನನಗೂ ಒಂದಿಷ್ಟು ಹರಕು ಇಂಗ್ಲಿಷ್ ಇತ್ತು, ಅದರಲ್ಲೇ ವ್ಯವಹಾರ. "ಮೇಡಂ, ನಾಯಿ ಬೇಡ, ಬಿಯರ್ ಬೇಡ, ಕುಶಲವೂ ಬೇಡ. ನಾನು ಕೇಳಿದ ಮಾತು ಮಾತ್ರ ಕಲಿಸಿ. ಕೊನೆಗೆ ನನ್ನ ಉಚ್ಚಾರ ನಿಮ್ಮೂರಿನವರ ಹಾಗೇ ಇರಬೇಕು" ಎಂದೆ. ಅವರು ಭುಜ ಕುಣಿಸಿ ಒಪ್ಪಿದರು. ಪಟ್ಟಿ ಕೊಟ್ಟೆ. ಒದ್ದೆ, ಒಣಗಿದ್ದು, ಬೂಷ್ಟು, ಮುಚ್ಚು, ತೆರೆ, ಎಷ್ಟು ದಪ್ಪ ಹರಡಬೇಕು, ದಿನಕ್ಕೆ ಎಷ್ಟು ಸಲ ಕೈಯಾಡಿಸಬೇಕು. ಇಲ್ಲಿಯವರೆಗೆ ಅವರು ಚುರುಕಾಗಿ ಬರೆದುಕೊಂಡರು. ಪಟ್ಟಿಯ ಕೊನೆಯಲ್ಲಿ ಇನ್ನೂ ಮೂರು ಮಾತಿದ್ದವು. ಇದಕ್ಕೆ ವಾಸನೆ ಹಿಡಿದಿದೆ. ಇದು ಅಷ್ಟೇನೂ ಚೆನ್ನಾಗಿಲ್ಲ. ಇದಕ್ಕಿಂತ ಒಳ್ಳೆಯದನ್ನು ನೋಡಿದ್ದೇನೆ.

ಟೀಚರಮ್ಮ ಪೆನ್ನು ಕೆಳಗಿಟ್ಟರು. "ಇದನ್ನು ಯಾರಿಗೆ ಹೇಳುತ್ತೀರಿ?"

"ಕಣದ ಮುದುಕರಿಗೆ."

"ಅವರು ನಿಮಗೇನು ಮಾಡಿದ್ದಾರೆ?"

ನನಗೆ ನಗು ಬಂತು. ನಮ್ಮ ಕಡೆಯ ರೀತಿ ವಿವರಿಸಿದೆ. ಕಾಫಿ ನೋಡಲು ಹೋದವನು ಒಂದು ಮುಷ್ಟಿ ಎತ್ತಿಕೊಳ್ಳುತ್ತಾನೆ. ಒಂದು ಬೀಜ ಬಿಡಿಸಿ ಕಚ್ಚುತ್ತಾನೆ, ಪಕ್ಕಕ್ಕೆ ಉಗಿಯುತ್ತಾನೆ, ಮುಖ ಹುಳ್ಳಗೆ ಮಾಡಿ ಮಾಲಿನಲ್ಲಿ ಇಲ್ಲದ ಹುಳುಕು ಹೇಳುತ್ತಾನೆ. ಆಗ ಬೆಳೆಗಾರನಿಗೆ ಜೀವ ಬರುತ್ತದೆ, ಈ ಆಸಾಮಿಗೆ ಮಾಲು ಬೇಕು ಅಂತ. ಇಬ್ಬರೂ ಕೂತು ಮನಬಿಚ್ಚಿ ಮಾತಾಡುವುದು ಅಲ್ಲಿಂದಲೇ ಶುರು. ಬಂದವನು ಬಾಯ್ತುಂಬ ಹೊಗಳಿದನೋ, ಅವನು ಸುಮ್ಮನೆ ಕಾಫಿ ಕುಡಿಯಲು ಬಂದವನು.

"ಇಲ್ಲಿ ಹಾಗಿಲ್ಲ. ಒಬ್ಬರ ಅಂಗಳದಲ್ಲಿ ನಿಂತು ಅವರ ಕೈಯ ಕೆಲಸಕ್ಕೆ ಹಾಗೆ ಹೇಳಿದರೆ ಅದು ನಿಜವೆಂದೇ ತಿಳಿಯುತ್ತಾರೆ" ಎಂದರು ಅವರು.

"ಕಾಫಿಯವರು ಎಲ್ಲ ಕಡೆ ಒಂದೇ, ಮೇಡಂ."

ಎಷ್ಟು ಖಡಕ್ಕಾಗಿ ಹೇಳಿದೆ! ಅವರು ಪೆನ್ನು ಮತ್ತೆ ಕೈಗೆತ್ತಿಕೊಂಡರು. ಉಳಿದ ವಾರವೆಲ್ಲ ಆ ಮೂರು ಮಾತನ್ನು ತಿದ್ದಿ ತಿದ್ದಿ ಹೇಳಿಸಿದರು. ನಾಲಿಗೆ ಎಲ್ಲಿ ಹೊರಳಬೇಕು, ಎಲ್ಲಿ ತಡೆಯಬೇಕು, ಎಲ್ಲ ಕೂತುಬಿಟ್ಟಿತು. ಕೊನೆಯ ದಿನ ಶಾಲೆಯ ಅಡುಗೆಯವಳ ಮುಂದೆ ಅವರ ಡಬ್ಬಿ ಕಾಫಿಯ ಮೇಲೇ ಪ್ರಯೋಗಿಸಿದೆ. ಅವಳು ಬೆಚ್ಚಿಬಿದ್ದು ಲೋಟ ಎತ್ತಿಕೊಂಡು ಹೋದಳು. ಅದೇ ಎಚ್ಚರಿಕೆಯಾಗಬೇಕಿತ್ತು. ನಾನು ಅದನ್ನು ಪಾಸಾದ ಲಕ್ಷಣ ಎಂದುಕೊಂಡೆ.

ಮಲ್ಲಂದೂರಿನವರ ಗುಂಪು ಬಂದ ಮೇಲೆ, ಇಂಗ್ಲಿಷ್ ಬಲ್ಲ ಅದೇ ಗೈಡಿನ ಜೊತೆ ಒಂದಿಡೀ ದಿನ ವ್ಯಾನಿನಲ್ಲಿ ಕುಲುಕಿ ಉತ್ತರದ ಆ ಗುಡ್ಡಗಳನ್ನು ಮುಟ್ಟಿದೆವು. ಮರುದಿನ ಬೆಳಿಗ್ಗೆ ಕಣ. ಚಾರ್ಮಾಡಿಯ ಮಂಜನ್ನು ಎತ್ತಿಕೊಂಡು ಬಂದು ಹಾಸಿದ ಹಾಗಿತ್ತು. ಸೊಂಟದೆತ್ತರಕ್ಕೆ ಉದ್ದುದ್ದ ಬಲೆಯ ಅಟ್ಟಗಳು, ಮೇಲೆ ಬಿಲ್ಲಿನಂತೆ ಬಾಗಿದ ಪ್ಲಾಸ್ಟಿಕ್ ಮಾಡು. ಅಂಚುಗಳನ್ನು ಸುತ್ತಿ ಎತ್ತಲು ಹಗ್ಗ. ಮುದುಕರು ಟೊಪ್ಪಿ ತೆಗೆದು ಒಬ್ಬೊಬ್ಬರ ಕೈ ಹಿಡಿದು ಕುಲುಕಿದರು. ಎಪ್ಪತ್ತೈದರ ಮೇಲಿರಬೇಕು. ಅಂಗಿ ಹಳೆಯದು, ಉಗುರು ಮಾತ್ರ ಡಾಕ್ಟರ ಉಗುರಿನಷ್ಟು ಚೊಕ್ಕ.

ನಾನು ಸ್ಪ್ಯಾನಿಶಿನಲ್ಲಿ ಎರಡು ಪ್ರಶ್ನೆ ಕೇಳಿದ್ದೇ ತಡ ಅವರ ಮುಖ ಅರಳಿತು. ಗೈಡನ್ನು ಬಿಟ್ಟು ನನ್ನ ತೋಳು ಹಿಡಿದುಕೊಂಡರು. ಎಷ್ಟು ದಪ್ಪ ಹರಡಬೇಕು ಎಂದು ಬೆರಳು ಇಟ್ಟು ತೋರಿಸಿದರು. ಕೈಯಾಡಿಸುವ ಮರದ ಹಲ್ಲಣಿಗೆ ಕೊಟ್ಟು ಎಳೆಯಿಸಿದರು. ನಿಧಾನವಾಗಿ, ನನಗೆ ತಿಳಿಯುವ ಹಾಗೆ ಮಾತಾಡಿದರು. ಇನ್ನು ಉಳಿದದ್ದು ಮುಖ್ಯವಾದ ಮಾತು. ಮಳೆ ಹಿಡಿದಾಗ ಪ್ಲಾಸ್ಟಿಕ್ ಯಾವಾಗ ಮುಚ್ಚಬೇಕು, ಒಳಗೆ ಬೆವರುವ ಮೊದಲು ಯಾವ ಗುರುತು ನೋಡಿ ತೆರೆಯಬೇಕು. ಅದನ್ನು ಹೇಳುವ ಮೊದಲು ಒಂದು ಅಟ್ಟದ ಮುಂದೆ ನಿಂತು, ಬೊಗಸೆ ತುಂಬ ಕಾಫಿ ಎತ್ತಿ ನನ್ನ ಅಂಗೈಗೆ ಸುರಿದರು.

ಅಭ್ಯಾಸಬಲ. ಬೀಜ ಬಿಡಿಸಿ ಕಚ್ಚಿದೆ. ಅಂಥ ಶುಭ್ರವಾದ ಬೀಜವನ್ನು ಮೂಡಿಗೆರೆ, ಕಳಸ, ಬಾಳೂರು, ಎಲ್ಲೂ ನನ್ನ ಹಲ್ಲು ಕಂಡಿರಲಿಲ್ಲ. ಒಳ್ಳೆಯ ಮಾಲು ಕಂಡಾಗಲೇ ನನ್ನ ಮುಖ ತಾನಾಗಿ ಹುಳ್ಳಗಾಗುವುದು. ಪಕ್ಕಕ್ಕೆ ಉಗಿದೆ. ಮೂರು ಮಾತನ್ನೂ ಒಂದರ ಹಿಂದೆ ಒಂದು, ಸ್ವಚ್ಛವಾಗಿ ಹೇಳಿದೆ.

ಅವರಿಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಸಿಟ್ಟು ಬರಲಿಲ್ಲ. ನನ್ನ ಅಂಗೈಯಿಂದ ಕಾಫಿಯನ್ನು ಒಂದೂ ಬೀಳದ ಹಾಗೆ ವಾಪಸು ತೆಗೆದುಕೊಂಡು ಮೂಸಿದರು. ಮತ್ತೆ ಮೂಸಿದರು. ಗೈಡಿಗೆ ಮೆಲ್ಲಗೆ ಏನೋ ಹೇಳಿದರು.

"ಏನಂತೆ?" ಎಂದೆ.

"ವಯಸ್ಸಾಯಿತು, ಈಚೆಗೆ ಮೂಗು ಮೊದಲಿನ ಹಾಗಿಲ್ಲ ಎಂದು ಅವರಿಗೇ ಅನುಮಾನವಿತ್ತಂತೆ. ಅಷ್ಟು ದೂರದಿಂದ ಬಂದವರು ಮುಚ್ಚುಮರೆಯಿಲ್ಲದೆ ಹೇಳಿದಿರಿ, ಉಪಕಾರವಾಯಿತು ಎನ್ನುತ್ತಿದ್ದಾರೆ."

ಮುದುಕರು ಕೆಲಸದ ಹೆಂಗಸರಿಬ್ಬರನ್ನು ಕರೆದು ಆ ಅಟ್ಟ ತೋರಿಸಿದರು. ಅವರು ಚೀಲ ತಂದು ತುಂಬತೊಡಗಿದರು, ಕಳಪೆ ಮಾಲಿನ ಗುಡ್ಡೆಗೆ ಸಾಗಿಸಲು. ಕಾಫಿ ಹೊಗಳುವ ಮಾತೊಂದೂ ನನ್ನ ಪಟ್ಟಿಯಲ್ಲಿರಲಿಲ್ಲ. ಗೈಡಿನ ಭುಜ ಹಿಡಿದು ಅಲ್ಲಾಡಿಸಿದೆ. "ಹೇಳಪ್ಪಾ ಅವರಿಗೆ! ಅದು ನಮ್ಮ ಕಡೆಯ ಮಾತಿನ ರೀತಿ. ಕಾಫಿ ಅಪ್ಪಟ ಚಿನ್ನ. ಹೇಳು!" ಅವನು ಹೇಳಿದ. ಮುದುಕರು ನನ್ನ ಭುಜ ತಟ್ಟಿ ಮುಗುಳ್ನಕ್ಕರು. ಅತಿಥಿಯ ದೊಡ್ಡ ಮನಸ್ಸು ಎಂದರಂತೆ. ಮೊದಲು ಹೇಳಿದ್ದು ನನ್ನದೇ ಬಾಯಿ, ಅವರದೇ ಭಾಷೆ. ಈಗ ಹೇಳಿದ್ದು ಬಾಡಿಗೆಯ ಬಾಯಿ. ಯಾವುದನ್ನು ನಂಬುತ್ತಾರೆ?

ವ್ಯಾಪಾರಿಗೆ ತಿಳಿದ ಒಂದೇ ದಾರಿ ಹಿಡಿದೆ. ಅಷ್ಟನ್ನೂ ನಾನೇ ಕೊಳ್ಳುತ್ತೇನೆ ಎಂದೆ. ಕೆಟ್ಟ ಮಾಲನ್ನು ಮನೆಗೆ ಬಂದವರಿಗೆ ಮಾರುವುದಿಲ್ಲ ಎಂಬ ಉತ್ತರ ಬಂತು. ಮುಚ್ಚುವ, ತೆರೆಯುವ ವಿಷಯ ಕೇಳಿದೆ. ಮುದುಕರು ಬೇಡವೆಂದು ಕೈ ಅಲ್ಲಾಡಿಸಿಬಿಟ್ಟರು. ತನ್ನದೇ ಮುಗ್ಗಿರುವಾಗ ಇನ್ನೊಬ್ಬರಿಗೆ ಏನು ಹೇಳಲಿ ಎಂದು.

"ಎಂತ ಅಂದೆ ಮಾರಾಯ ನೀನು ಅವ್ರಿಗೆ? ಅಷ್ಟೊತ್ತು ಚೆನ್ನಾಗೇ ಮಾತಾಡ್ತಿದ್ರಲ್ಲ" ಎಂದು ವ್ಯಾನಿನಲ್ಲಿ ಮಲ್ಲಂದೂರಿನವರು ಕೇಳಿದರು. ಹೇಳಿದೆ. ಅವರು ನಗಲು ಹೊರಟವರು ನನ್ನ ಮುಖ ನೋಡಿ ಕಿಟಕಿಯ ಕಡೆ ತಿರುಗಿದರು. ಹೊರಗೆ ಮುದುಕರು ಎರಡನೇ ಅಟ್ಟದ ಮೇಲೆ ಬಗ್ಗಿ ಮೂಸುತ್ತಿದ್ದರು. ವ್ಯಾನು ತಿರುಗುವಾಗ ಮೂರನೆಯದರ ಹತ್ತಿರ ಹೋಗಿದ್ದರು. ನನ್ನ ಬಾಯಲ್ಲಿ ಆ ಬೀಜದ ರುಚಿ ಇನ್ನೂ ಇತ್ತು. ಅಷ್ಟು ಒಳ್ಳೆಯ ರುಚಿಗೆ ವಾಕರಿಕೆ ಬಂದದ್ದು ಅದೊಂದೇ ಸಲ.

ಹೊರದೇಶಕ್ಕೆ ಭಾಷೆ ಕಲಿಯಲು ಹೋಗುವವರಿಗೆ ಒಂದು ಮಾತು ಹೇಳುತ್ತೇನೆ. ಟೀಚರ್ ಕಿತ್ತಳೆ ಹೇಗೆ ಸುಲಿಯುತ್ತಾರೆ ಎಂದು ನೋಡಬೇಡಿ. ಅವರು ಪೆನ್ನು ಕೆಳಗಿಟ್ಟಾಗ ಯಾಕೆ ಇಟ್ಟರು ಎಂದು ಕೇಳಿ. ಅಲ್ಲಿ ಚೌಕಾಸಿ ಮಾಡಬೇಡಿ.

ಊರಿಗೆ ಬಂದು, ನೋಡಿದ್ದನ್ನೇ ನಕಲು ಮಾಡಿ ನಾನೂ ಅಟ್ಟ ಕಟ್ಟಿಸಿದೆ, ಪ್ಲಾಸ್ಟಿಕ್ ಹೊದೆಸಿದೆ. ಮುಂದಿನ ಅರೇಬಿಕಾ ಕೊಯ್ಲಿಗೆ ಮಳೆ ಬಂತು. ಮುಚ್ಚಿದರೆ ಒಳಗೆ ಬೆವರಿ ತೊಟ್ಟಿಕ್ಕಿತು, ತೆರೆದರೆ ನೆನೆಯಿತು. ಮೂರನೇ ದಿನಕ್ಕೆ ಬೂಷ್ಟು ಕಂಡಿತು. ಬೇರೆ ದಾರಿ ಕಾಣದೆ ಆ ಗೈಡಿಗೆ ಫೋನಿನಲ್ಲಿ ಬರೆದೆ. ಮುದುಕರ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳು, ಯಾವ ಗುರುತು ನೋಡಿ ತೆರೆಯಬೇಕು ಎಂದು. ಎರಡು ದಿನ ಬಿಟ್ಟು ಉತ್ತರ ಬಂತು. "ಕೇಳಿದೆ. ಮೊದಲಾದರೆ ಹೇಳುತ್ತಿದ್ದರಂತೆ. ಈಗ ಅವರಿಗೇ ಖಾತ್ರಿಯಿಲ್ಲವಂತೆ. ಕಣವನ್ನು ಮಗಳಿಗೆ ಬಿಟ್ಟಿದ್ದಾರೆ."

ಹೆಂಡತಿ ಅಟ್ಟದ ಆ ಕಡೆಯಿಂದ "ಎಂತ ಬಂತು ಮೆಸೇಜು?" ಎಂದು ಕೂಗಿದಳು. "ಏನಿಲ್ಲ" ಎಂದೆ. ಇಬ್ಬರೂ ಸೇರಿ ಪ್ಲಾಸ್ಟಿಕ್ ಬಿಚ್ಚಿ, ಮುಗ್ಗಿದ್ದನ್ನು ಚೀಲಕ್ಕೆ ತುಂಬಲು ಶುರುಮಾಡಿದೆವು.