ಕಡಗೋಲಿಗೆ ಏಳದ ನೊರೆ

ಸೈಕಲ್ ಚಕ್ರದ ಕಡ್ಡಿಗಳನ್ನು ಸೀಗೆಕಾಯಿ ಹಚ್ಚಿ ತೊಳೆಯುವ ಮನೆಯನ್ನು ನೀವು ಎಲ್ಲಾದರೂ ನೋಡಿದ್ದೀರಾ? ಕಳೆದ ವಾರ ನಮ್ಮದು ಅಂಥ ಮನೆಯಾಗಿತ್ತು.

ಕಡ್ಡಿಗಳನ್ನು ನಾನೇ ಕೊಂಡು ತಂದೆ. ಅಂಗಡಿಯವನು ಕೇಳಿದ, "ಯಜಮಾನ್ರ, ನಿಮ್ಮ ಹತ್ರ ಸೈಕಲ್ಲ ಇಲ್ಲಲ್ರಿ, ಕಡ್ಡಿ ಯಾಕ್ರಿ?"

"ಬಿಸ್ಕೀಟ ಮಾಡಾಕ" ಎಂದೆ.

ಅವನು ಕಾಗದದಲ್ಲಿ ಸುತ್ತಿ ಕೊಟ್ಟ. ಆದರೆ ನಾನು ರಸ್ತೆ ದಾಟುವವರೆಗೂ ನನ್ನನ್ನೇ ನೋಡುತ್ತ ನಿಂತಿದ್ದ.

ಸಂಗತಿ ಇಷ್ಟೇ. ನನ್ನ ತಮ್ಮ ಭೀಮಪ್ಪ ನಿಡೋಣಿಯಲ್ಲಿ ಹೊಲ ಮಾಡಿಕೊಂಡಿರುವವನು. ಅವನ ಮಗಳು ಶಕುಂತಲಾ (ಮನೆಯಲ್ಲಿ ಶಕ್ಕು) ವಿಜಾಪುರದ ನಮ್ಮ ಮನೆಯಲ್ಲಿದ್ದು ಹೈಸ್ಕೂಲು ಓದಿದಳು. ಈ ಸಲ ಎಸ್ಸೆಸ್ಸೆಲ್ಸಿ ಪಾಸಾದಳು. ಮುಂದೆ ಪಿ.ಯು.ಸಿ.ಯಲ್ಲಿ ಸೈನ್ಸ್ ತೆಗೆದುಕೊಳ್ಳಬೇಕೆಂಬುದು ಅವಳ ಹಟ. ರಿಸಲ್ಟ್ ಬಂದ ವಾರವೇ ಭೀಮಪ್ಪ ಬಂದ. ಪೇಢೆ ತಂದಿದ್ದ. ಅದರೊಡನೆ, ಬಬಲೇಶ್ವರದ ಒಂದು ಮನೆಯವರು ಹುಡುಗಿಯನ್ನು ಕೇಳಿದ್ದಾರೆಂಬ ಸುದ್ದಿಯನ್ನೂ ತಂದಿದ್ದ.

"ಕಲತದ್ದು ಸಾಕಣ್ಣಾ. ಒಲಿ ಮುಂದ ಕೂಡಾಕಿಗೆ ಸೈನ್ಸ್ ಏನ್ ಮಾಡೂದೈತಿ? ಅಡಗಿಗೆ ಬೇಕಾದದ್ದು ಕೈಗುಣ. ಅದು ತಾಯಿಯಿಂದ ಮಗಳಿಗೆ ತಾನ ಬರತೈತಿ. ನಮ್ಮ ವೈನಿ ಯಾವ ಕಾಲೇಜಿಗೆ ಹೋಗ್ಯಾರ?"

ವೈನಿ ಎಂದರೆ ನನ್ನ ಹೆಂಡತಿ ಗೌರವ್ವ. ತಿಕೋಟಾದ ಹೆಣ್ಣುಮಗಳು. ಅವಳು ಕಡೆದ ಬೆಣ್ಣೆಯ ಹೆಸರು ನಮ್ಮ ಬಳಗದಲ್ಲೆಲ್ಲ ಇದೆ. ಆದ್ದರಿಂದ ಆ ಪ್ರಶ್ನೆಗೆ ತಕ್ಷಣ ಉತ್ತರ ಕೊಡುವುದು ನನಗೆ ಕ್ಷೇಮಕರವಾಗಿರಲಿಲ್ಲ.

ಆದರೂ ನನ್ನ ಸ್ವಭಾವ ನಿಮಗೆ ಗೊತ್ತು. ನಾಲ್ಕು ಜನ ತಲೆದೂಗಿದ ಮಾತನ್ನು ಕೇಳಿದರೆ ನನ್ನ ತಲೆ ಅಡ್ಡಡ್ಡ ಆಡುತ್ತದೆ. (ಗೋಳಗುಮ್ಮಟದ ಪ್ರತಿಧ್ವನಿಯ ಲೆಕ್ಕ ತಪ್ಪೆಂದು ಹೋದ ವರ್ಷ ಇದೇ ಅಂಕಣದಲ್ಲಿ ಬರೆದು, ಅಲ್ಲಿಗೆ ಪ್ರವಾಸಿಗರನ್ನು ಒಯ್ಯುವ ಟಾಂಗಾದವರ ಸಿಟ್ಟಿಗೆ ಗುರಿಯಾದವನು ನಾನು.) ಕೈಗುಣ ಎಂದರೇನು? ಕಾರಣ ಗೊತ್ತಿಲ್ಲದ ಕಡೆಯಲ್ಲೆಲ್ಲ ನಾವು ಹಚ್ಚುವ ಒಂದು ತೇಪೆಯಲ್ಲವೇ?

"ಹಂಗಾರ ಒಂದ ಪರೀಕ್ಷಾ ಮಾಡೂಣು" ಎಂದೆ. "ನಮ್ಮ ಮನಿತನದಾಗ ಯಾವ ಹೆಣ್ಣಮಗಳೂ ಮಾಡದ, ಕಣ್ಣಿಂದ ಸೈತ ನೋಡದ ತಿನಿಸು ಒಂದನ್ನ ಶಕ್ಕು ಮಾಡಲಿ. ಅದರ ಕೈಗುಣ ಅಕೀಗೆ ಯಾರಿಂದಲೂ ಬರೂ ಹಂಗಿಲ್ಲ. ಮಾಡಿದ್ರ ಕಾಲೇಜು."

ಭೀಮಪ್ಪ ನಕ್ಕ. "ಮುಂದಿನ ಸಂತಿಗೆ ಬರತೀನಿ. ಬಾಯಾಗ ಇಟ್ಟ ಮ್ಯಾಲ ಹೇಳತೀನಿ. ಆಗಲಿಲ್ಲಂದ್ರ ಅವತ್ತ ಸಂಜಿ ಬಸ್ಸಿಗೆ ನನ್ನ ಕೂಡ ನಿಡೋಣಿಗೆ."

ಶಕ್ಕು ನನ್ನ ಮುಖ ನೋಡಿದಳು. ಅವಳ ಓದನ್ನು ನಾನು ಅವಳನ್ನು ಕೇಳದೆಯೇ ಪಣಕ್ಕೆ ಇಟ್ಟಿದ್ದೆ.

ತಿನಿಸು ಯಾವುದೆಂಬುದು ನನ್ನ ತಲೆಯಲ್ಲಿ ಆಗಲೇ ಸಿದ್ಧವಾಗಿತ್ತು. ತಿಕೋಟಾದ ನನ್ನ ಮಾವನವರ ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ಬರುವ ರದ್ದಿ ಕಾಗದವೇ ನನ್ನ ಯುನಿವರ್ಸಿಟಿ. ನಾನು ಇಂಗ್ಲಿಷ್ ಕಲಿತದ್ದು ಅಲ್ಲಿಯೇ, ಬೇಳೆ ಬೆಲ್ಲದ ನಡುವೆ. ಈಚೆಗೆ ಅಲ್ಲಿ ಒಂದು ವಿಲಾಯತಿ ಹೆಂಗಸರ ಮ್ಯಾಗಝೀನ್ ಸಿಕ್ಕಿತ್ತು. ಅದರಲ್ಲಿ ಫ್ರೆಂಚರ ಒಂದು ಬಿಸ್ಕೀಟಿನ ವರ್ಣನೆ. ಹೆಸರು ಮ್ಯಾಕರಾನ್. ಹಿಟ್ಟಿಲ್ಲ, ತುಪ್ಪವಿಲ್ಲ. ಬದಾಮಿಯ ಪುಡಿ, ಸಕ್ಕರೆ, ತತ್ತಿಯ ಬಿಳಿ ಲೋಳೆ, ಇಷ್ಟೇ. ಲೋಳೆಯನ್ನು ಕಡೆದು ಗಟ್ಟಿ ನೊರೆ ಎಬ್ಬಿಸಬೇಕು. ಸಕ್ಕರೆ, ಬದಾಮಿ ಬೆರೆಸಿ ಬಿಲ್ಲೆ ಬಿಡಬೇಕು. ಮೇಲೆ ಪೊರೆ ಕಟ್ಟಿದ ಬಳಿಕ ಮೆಲ್ಲನೆಯ ಬಿಸಿಯಲ್ಲಿ ಬೇಯಿಸಬೇಕು. ಹಲ್ಲಿಗೆ ಮೊದಲು ಗರಿ, ಆಮೇಲೆ ಹತ್ತಿಯಂಥ ಮೆದು.

ಇದನ್ನು ಫ್ರಾನ್ಸಿಗೆ ತಂದವಳು ಇಟಲಿಯಿಂದ ಮದುವೆಯಾಗಿ ಬಂದ ಒಬ್ಬ ರಾಣಿಯಂತೆ. (ಲೋಕದ ಒಳ್ಳೆಯ ತಿನಿಸುಗಳನ್ನೆಲ್ಲ ರಾಣಿಯರೇ ಏಕೆ ತರುತ್ತಾರೆ? ಹಿಟ್ಟು ಬೀಸಿದವರು ಏನೂ ತರಲಿಲ್ಲವೇ?) ಅದನ್ನು ಹೇಗೋ ನುಂಗಿಕೊಂಡೆ. ನುಂಗಲಾರದೆ ಹೋದದ್ದು ಕಡೆಯ ಸಾಲು. ಉಷ್ಣದೇಶದ ಗೃಹಿಣಿಯರು ಇದರ ಗೊಡವೆಗೆ ಹೋಗದಿರುವುದು ಮೇಲು ಎಂಬ ಅರ್ಥದ ಮಾತು ಅಲ್ಲಿತ್ತು. ಬರೆದವರು ವಿಜಾಪುರವನ್ನು ಕಂಡಿದ್ದರೇ? ಇಲ್ಲಿನ ಒಣ ಗಾಳಿಯನ್ನು ಕೇಳಿದ್ದರೇ?

ಕೆಲಸ ಶುರುವಾಯಿತು. ಔನ್ಸನ್ನು ತೊಲಕ್ಕೆ, ತೊಲವನ್ನು ಈಗ ಹೊಸದಾಗಿ ಬಂದ ಗ್ರಾಮಿಗೆ ಇಳಿಸುವುದರಲ್ಲೇ ನನ್ನ ಒಂದು ಮುಂಜಾನೆ ಕಳೆಯಿತು. ಶಕ್ಕು ಬದಾಮಿಯ ಸಿಪ್ಪೆ ಬಿಡಿಸಿ, ಮಾಳಿಗೆಯ ಮೇಲೆ ಒಣಗಿಸಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿದಳು. ಜವಾರಿ ಕೋಳಿಯ ತತ್ತಿ ಬಂದವು.

ಇಲ್ಲಿ ನಮ್ಮ ಮನೆಯ ಕಟ್ಟಳೆ ಹೇಳಬೇಕು. ನಾವು ತತ್ತಿ ತಿನ್ನುವವರು. ಆದರೆ ಅದು ಒಳಗಿನ ಒಲೆಗೆ ಹೋಗುವಂತಿಲ್ಲ. ಅದರ ಒಲೆ, ಪಾತ್ರೆ, ಸೌಟು ಎಲ್ಲ ಹಿತ್ತಲಿನಲ್ಲಿ ಬೇರೆ. ಹೀಗಿರುವಾಗ ಲೋಳೆ ಕಡೆಯುವುದು ಯಾವುದರಿಂದ? ಮ್ಯಾಗಝೀನಿನ ಚಿತ್ರದಲ್ಲಿ ತಂತಿಯ ಬುಟ್ಟಿಯಂಥದೊಂದು ಸಾಧನವಿತ್ತು. ಇಡೀ ವಿಜಾಪುರದ ಬಜಾರಿನಲ್ಲಿ ಅದು ಸಿಗಲಿಲ್ಲ.

"ಕಡಿಯೂದಂದ್ರ ಕಡಗೋಲು. ಅದಕ್ಕಿಂತ ಚಲೋದು ಫ್ರಾನ್ಸಿನವರ ಹತ್ರ ಏನೈತಿ?" ಎಂದಳು ಗೌರವ್ವ. ಆದರೆ ಮೊಸರಿನ ಕಡಗೋಲನ್ನು ತತ್ತಿಗೆ ಮುಟ್ಟಿಸುವುದುಂಟೇ? ಅಟ್ಟದ ಮೇಲೆ ನನ್ನ ತಾಯಿಯ ಕಾಲದ ಹಳೆಯ ಕಡಗೋಲು ಇತ್ತು. ಅದನ್ನು ಇಳಿಸಿ, ಕುದಿಯುವ ನೀರು ಹೊಯ್ದು ತೊಳೆದು ಹಿತ್ತಲಿಗೆ ಕೊಟ್ಟಳು.

ಗೌರವ್ವನೇ ಕಡೆದಳು. ಲೋಳೆ ಸುತ್ತಿತು, ಸುಳಿಯಿತು, ಒಂದಿಷ್ಟು ಬೂದುಬಣ್ಣದ ಗುಳ್ಳೆ ಮೂಡಿಸಿತು. ಮತ್ತೆ ನೀರಾಯಿತು. ಮರುದಿನ ಹೊಸ ತತ್ತಿ. ಈ ಸಲ ಅವಳು ರಟ್ಟೆ ಸೋಲುವವರೆಗೂ ಬಿಡಲಿಲ್ಲ. ಫಲ ಅದೇ. (ಬೇರೆ ತೆಗೆದಿಟ್ಟ ಹಳದಿಯ ಪಲ್ಯವನ್ನು ರೊಟ್ಟಿಯೊಡನೆ ಹೊತ್ತುಹೊತ್ತಿಗೂ ತಿಂದವನು ನಾನು.)

ಸಂತೆ ಹತ್ತಿರ ಬರುತ್ತಿತ್ತು. "ಇದು ಸುಳ್ಳು ಬರದಾರ" ಎಂದು ಮ್ಯಾಗಝೀನನ್ನು ಮಡಿಚಿದೆ. "ಅಚ್ಚಾದದ್ದೆಲ್ಲ ಖರೇ ಅಲ್ಲಂತ ನಾನು ಮೊದಲಿಂದ ಹೇಳಕೋತ ಬಂದೀನಿ."

"ಸುಳ್ಳ ಅನ್ನೂಕಿಂತ ಮೊದಲ ಒಂದ ತತ್ತಿ ಬ್ಯಾರೆ ನೋಡೂಣ ದೊಡ್ಡಪ್ಪಾ" ಎಂದಳು ಶಕ್ಕು. ಒಂದು ಪಿಂಗಾಣಿ ಬಸಿಯಲ್ಲಿ ಒಂದೇ ತತ್ತಿಯ ಲೋಳೆ ಹಾಕಿ, ಹೊಸ ಚಮಚದಿಂದ ಬಡಿಯತೊಡಗಿದಳು. ನೋಡನೋಡುತ್ತ ಅದು ಬೆಳ್ಳಗಾಯಿತು. ಉಬ್ಬಿತು.

ಹಾಗಾದರೆ ತತ್ತಿ ನಿರಪರಾಧಿ. ನಮ್ಮ ಗಾಳಿಯೂ ನಿರಪರಾಧಿ. ಉಳಿದದ್ದು ಪಾತ್ರೆ ಮತ್ತು ಕಡಗೋಲು. ಪಾತ್ರೆಗೆ ಮೊನ್ನೆ ತಾನೇ ಕಲಾಯಿ ಹಾಕಿಸಿತ್ತು. ಶಕ್ಕು ಕಡಗೋಲನ್ನು ಕುದಿನೀರಿನಲ್ಲಿ ಮುಳುಗಿಸಿ ಹಾಗೆಯೇ ಬಿಟ್ಟಳು. ನೀರು ಆರುತ್ತ ಬಂತು. ಅದರ ಮೇಲೆ ಸಣ್ಣ ಸಣ್ಣ ಹೊಳೆಯುವ ಕಣ್ಣುಗಳು ತೇಲಿದವು.

ಬೆಣ್ಣೆ. ನನ್ನ ತಾಯಿ ಕಡೆದ ಬೆಣ್ಣೆ. ಅವಳು ಹೋಗಿ ಎಷ್ಟೋ ವರ್ಷವಾಯಿತು. ಕಟ್ಟಿಗೆ ಇನ್ನೂ ಅದನ್ನು ಹಿಡಿದುಕೊಂಡಿತ್ತು.

"ತತ್ತಿಗೆ ಜಿಡ್ಡು ಆಗಿಬರೂದಿಲ್ಲ" ಎಂದಳು ಶಕ್ಕು. ಎಂಥ ವಿಚಿತ್ರ ನೋಡಿ. ಯಾವ ಬೆಣ್ಣೆಯಿಂದ ನಮ್ಮ ಮನೆಗೆ ಬಳಗದಲ್ಲೆಲ್ಲ ಹೆಸರು ಬಂದಿತ್ತೋ, ಆ ಬೆಣ್ಣೆಯೇ ಇಲ್ಲಿ ಅಡ್ಡ ಬಂದಿತ್ತು.

ಈಗ ಜಿಡ್ಡನ್ನೇ ಕಾಣದ ಸಾಧನ ಬೇಕು. ಚಮಚ ಒಂದು ತತ್ತಿಗೆ ಸರಿ, ಪಾತ್ರೆ ತುಂಬ ಲೋಳೆಗೆ ಸಾಲದು. ಕಟ್ಟಿಗೆ ಬೇಡ, ತಂತಿಯೇ ಆಗಬೇಕು. ಸೈಕಲ್ ಕಡ್ಡಿಯ ಉಪಾಯ ಅವಳದೇ. ಎಣ್ಣೆ ನೀರಿನ ದಿನ ತಲೆಯ ಎಣ್ಣೆ ಬಿಡಿಸುವುದು ಯಾವುದು? ಸೀಗೆಕಾಯಿ. ಕಡ್ಡಿ, ಪಾತ್ರೆ, ಕೊನೆಗೆ ತನ್ನ ಮೊಣಕೈಯವರೆಗೂ ಅದನ್ನೇ ಹಚ್ಚಿ ತೊಳೆದು, ಬಿಸಿಲಿಗೆ ಒಣಗಿಸಿ, ಕಡ್ಡಿಗಳ ಕಟ್ಟು ಕಟ್ಟಿ ಕೂತಳು.

ನೊರೆ ಎದ್ದಿತು. ಗುಡ್ಡದಂತೆ ಎದ್ದಿತು. ಪಾತ್ರೆ ಬೋರಲು ಹಾಕಿದರೂ ಬೀಳಲಿಲ್ಲ. (ಬೋರಲು ಹಾಕಿದ್ದು ನನ್ನ ತಲೆಯ ಮೇಲೆ. ನೊರೆ ಬೀಳದೆಂಬ ಮ್ಯಾಗಝೀನಿನ ಮಾತನ್ನು ಪರೀಕ್ಷಿಸದೆ ನಂಬುವುದು ನನ್ನಿಂದಾಗದು.) ಎಪ್ಪತ್ತರ ಹತ್ತಿರ ಬಂದ ನಾನು ಅಂದು ಹಿತ್ತಲಿನಲ್ಲಿ ಕುಣಿಯುವುದೊಂದು ಬಾಕಿ.

ನೊರೆಗೆ ಸಕ್ಕರೆ, ಬದಾಮಿ ಬೆರೆಸಿ, ಹೊಸ ಬಟ್ಟೆಗೆ ಜಿಲೇಬಿಗೆ ಮಾಡುವಂತೆ ತೂತು ಮಾಡಿ, ಕಾಗದದ ಮೇಲೆ ಬಿಲ್ಲೆ ಬಿಟ್ಟಳು. ಇನ್ನು ಪೊರೆ ಕಟ್ಟಬೇಕು. ತಂಪು ದೇಶದಲ್ಲಿ ಇದಕ್ಕೆ ಬಹಳ ಹೊತ್ತು ಕಾಯಬೇಕಂತೆ. ಮಿರಗದ (ಮೃಗಶಿರೆಯ) ಮಳೆ ಇನ್ನೂ ಬಿದ್ದಿರದ ನಮ್ಮ ಊರಲ್ಲಿ? ಗೌರವ್ವ ಬೆರಳು ಮುಟ್ಟಿಸಿ ನೋಡಿದಳು. "ಸಂಡಿಗಿ ಇಟ್ಟಂಗ ಆತು ತಗೋರಿ. ನೀವು ಚಾ ಕುಡಿಯೂದ್ರಾಗ ಒಣಗ್ಯಾವ." ಉಷ್ಣದೇಶದ ಗೃಹಿಣಿಯರನ್ನು ದೂರವಿಟ್ಟ ಆ ಪುಣ್ಯಾತ್ಮರು ಸಂಡಿಗೆ ಕಂಡಿರಲಿಲ್ಲವೆಂದು ಕಾಣುತ್ತದೆ.

ಓವನ್ ಎಲ್ಲಿಂದ ಬರಬೇಕು? ದೊಡ್ಡ ಪಾತ್ರೆಯಲ್ಲಿ ಉಸುಕು ಹರವಿ, ಮೇಲೆ ತಾಟು ಇಟ್ಟು, ಕೆಳಗೆ ಶೇಗಡಿ ಒಲೆಯಲ್ಲೂ ಮೇಲೆ ಮುಚ್ಚಳದಲ್ಲೂ ಕುಳ್ಳಿನ (ಬೆರಣಿಯ) ಕೆಂಡ ಹರಡಿದೆವು. ಬಿಸಿ ಎಷ್ಟಿರಬೇಕೆಂಬುದನ್ನು ಗೌರವ್ವ ನೋಡಿಕೊಂಡಳು. ನಾನು ಮುಚ್ಚಳಕ್ಕೆ ಕೈ ಹಾಕಿದಾಗಲೆಲ್ಲ ಬೈಸಿಕೊಂಡೆ. "ಸುಮ್ಮ ಕೂಡ್ರಿ ಒಂದೀಟು. ಒಳಗಿರೂವು ಬಿಸ್ಕೀಟ, ನಿಮಗ ಹೆದರಿ ಬೇಯೂದಿಲ್ಲ."

ಮುಚ್ಚಳ ತೆಗೆದಾಗ ಕೆಲವು ಸೀಳಿದ್ದವು. ಒಂದೆರಡು ಬೋಳಾಗಿ ಚಪ್ಪಟೆಯಾಗಿದ್ದವು. ಆದರೆ ಉಳಿದವು ನುಣ್ಣನೆ ತಲೆಯೆತ್ತಿ, ಬುಡದಲ್ಲಿ ಸಣ್ಣ ಜಾಲರಿ ಬಿಟ್ಟುಕೊಂಡು, ಥೇಟು ಚಿತ್ರದಲ್ಲಿದ್ದಂತೆ ಕೂತಿದ್ದವು. ಶಕ್ಕು ಒಂದನ್ನು ಕಾಗದದಿಂದ ಬಿಡಿಸಿ ಕೈಯಲ್ಲಿ ಹಿಡಿದಳು. ತಿನ್ನಲಿಲ್ಲ. ಅದನ್ನು ಹೊರಳಿಸಿ ಹೊರಳಿಸಿ ನೋಡುತ್ತಲೇ ಇದ್ದಳು.

ಮರುದಿನ ಸಂತೆ. ಭೀಮಪ್ಪ ಬಂದ, ಕೈಕಾಲು ತೊಳೆದ, ಒಂದನ್ನು ಬಾಯಿಗೆ ಹಾಕಿಕೊಂಡ. ಅವನ ದವಡೆ ನಿಂತಿತು. ಇನ್ನೊಂದನ್ನು ತೆಗೆದುಕೊಂಡ. ಆಮೇಲೆ ಹೇಳಿದ, "ವೈನಿ, ನಿಮ್ಮ ಕೈಗುಣಕ್ಕ ಶರಣ್ರೀ."

ಕೇಳಿದಿರಾ? ನಮ್ಮ ನಾಲ್ಕು ದಿನದ ಬೆವರಿಗೆ ಸಿಕ್ಕ ತೀರ್ಪು ಇದು.

"ನನ್ನ ಕೈಗುಣ ಎರಡ ಸಲ ತಿಪ್ಪಿಗೆ ಹೋಗೇತಿ" ಎಂದಳು ಗೌರವ್ವ. "ಇದು ನಿಮ್ಮ ಮಗಳ ತಲಿ. ನಂಬಿಗಿ ಇಲ್ಲಂದ್ರ ನೀವ ಕಡದ ನೋಡ್ರಿ."

ಶಕ್ಕು ಅಪ್ಪನ ಮುಂದೆ ಎರಡು ಬಸಿ ಇಟ್ಟಳು. ಎರಡರಲ್ಲೂ ಲೋಳೆ. ಒಂದಕ್ಕೆ ಅವನ ಕಣ್ಣೆದುರೇ ಒಂದು ಹನಿ ತುಪ್ಪ ಬಿಟ್ಟಳು. ಕಡ್ಡಿಯ ಕಟ್ಟನ್ನು ಅವನ ಕೈಗೆ ಕೊಟ್ಟಳು. ತುಪ್ಪವಿಲ್ಲದ್ದು ಹತ್ತಿ ಹಿಂಜಿದಂತೆ ಎದ್ದಿತು. ಅವನಿಗೆ ಖುಷಿಯಾಯಿತು. ಇನ್ನೊಂದಕ್ಕೆ ಕೈ ಹಾಕಿದ. ಏಳಲಿಲ್ಲ. ರುಮಾಲು ತೆಗೆದಿಟ್ಟು ಕಡೆದ. ಏಳಲಿಲ್ಲ. ಹಟದಲ್ಲಿ ಅವನು ನನ್ನ ತಮ್ಮನೇ.

"ಎತ್ತ ಹೂಡಬೇಕೇನೋ ಇದಕ್ಕ" ಎಂದು ಕೊನೆಗೆ ಕೈ ಬಿಟ್ಟ. "ಒಂದ ಹನಿ ತುಪ್ಪ. ಯಾಕ ಹಿಂಗ ಆತು?"

ಹೊಲ, ಎತ್ತು, ಮಳೆ ಬಿಟ್ಟು ಬೇರೆ ವಿಷಯಕ್ಕೆ ಭೀಮಪ್ಪ ‘ಯಾಕ’ ಎಂದು ಕೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನಲ್ಲಿ ಉತ್ತರ ಸಿದ್ಧವಿತ್ತು. "ತುಪ್ಪ ಭಾರ. ಅದು ನೊರೀನ ಕೆಳಗ ಜಗ್ಗತೈತಿ" ಎಂದೆ.

"ತುಪ್ಪ ನೀರಿನ ಮ್ಯಾಲ ತೇಲತೈತಲ್ಲ ದೊಡ್ಡಪ್ಪಾ, ಭಾರ ಹೆಂಗ ಆತು?" ಎಂದಳು ಶಕ್ಕು.

ಗೌರವ್ವ ಸೆರಗಿನಲ್ಲಿ ನಕ್ಕಳು.

"ಹಂಗಾರ ನೀನ ಹೇಳು. ಯಾಕ?" ಭೀಮಪ್ಪ ಮಗಳ ಕಡೆ ತಿರುಗಿದ.

"ನನಗೂ ಗೊತ್ತಿಲ್ಲಪ್ಪಾ. ಗೊತ್ತ ಮಾಡ್ಕೊಬೇಕಂತನ ಕಾಲೇಜಿಗೆ ಹೋಗತೀನಿ ಅನ್ನಾಕತ್ತೀನಿ."

ಅವನು ಕಡ್ಡಿಯ ಕಟ್ಟನ್ನು ಬಸಿಗಳ ಪಕ್ಕದಲ್ಲಿ ಇಟ್ಟ. ಅವಳು ಗೊತ್ತೆಂದು ಹೇಳಿದ್ದರೆ ಅವನು ವಾದ ಹೂಡುತ್ತಿದ್ದ. ಗೊತ್ತಿಲ್ಲವೆಂಬ ಮಾತಿಗೆ ಯಾರು ಏನು ವಾದ ಮಾಡಬಲ್ಲರು?

"ಬಬಲೇಶ್ವರದವ್ರಿಗೆ ಏನಂತ ಹೇಳ್ಲಿ?" ಎಂದ, ಮೆಲ್ಲಗೆ.

"ಹುಡಿಗಿ ತತ್ತಿ ಕಡ್ಯಾಕತ್ತಾಳ, ಸದ್ಯೇಕ ಪುರಸೊತ್ತಿಲ್ಲ ಅನ್ರಿ" ಎಂದಳು ಗೌರವ್ವ.

ಸಂಜೆಯ ಬಸ್ಸಿಗೆ ಭೀಮಪ್ಪ ಒಬ್ಬನೇ ಹೋದ. ಶಕ್ಕು ಇಲ್ಲಿಯೇ ಉಳಿದಳು. ಈಗ ಅವಳಿಗೆ ಸೈನ್ಸ್ ಏಕೆಂದು ನನ್ನ ಓದುಗ ಮಿತ್ರರೊಬ್ಬರು ದಾರಿಯಲ್ಲಿ ಅಡ್ಡಗಟ್ಟಿ ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೇ ನಿಮ್ಮ ಮುಂದೆಯೂ ಇಡುತ್ತೇನೆ.

ಒಲೆಯ ಮುಂದೆ ಹುಟ್ಟಿದ ಪ್ರಶ್ನೆಗೆ ಉತ್ತರ ಕಾಲೇಜಿನಲ್ಲಿದೆ ಎಂದಮೇಲೆ, ಅಲ್ಲಿಗೆ ಒಲೆಯ ಮುಂದೆ ಕೂತವರನ್ನು ಬಿಟ್ಟು ಇನ್ನಾರನ್ನು ಕಳಿಸುವುದು?