ಕಡಲ ಕಡೆಯ ಜಾಗ

ಬಿಜರ್ತೆಯ ಹಳೆ ಬಂದರಿನ ಹಿಂದಿನ ಓಣಿಯಲ್ಲಿ ವಸೀಲಾಳಷ್ಟು ಬಾಯಿ ಜೋರಿನ ಹೆಂಗಸು ಇನ್ನೊಬ್ಬಳಿರಲಿಲ್ಲ. ದೋಣಿ ಕಟ್ಟುವವನ ಮಗಳು, ಮೀನು ಮಾರುವವನ ಹೆಂಡತಿ. ಮನೆಯಿಂದ ಮೂವತ್ತು ಹೆಜ್ಜೆಗೆ ಸಮುದ್ರ. ಆದರೂ ಐವತ್ತಮೂರು ತುಂಬುವವರೆಗೆ ಮೊಣಕಾಲಿಗಿಂತ ಮೇಲೆ ನೀರು ತಾಗಿಸಿಕೊಂಡವಳಲ್ಲ. "ಸಮುದ್ರ ಇರೋದು ಗಂಡಸರಿಗೆ, ಇಲ್ಲಾ ಮೀನಿಗೆ" ಎನ್ನುತ್ತ, ಕಾದ ತಾಮ್ರದ ಹಂಚಿನ ಮೇಲೆ ಹಿಟ್ಟಿನ ಮುದ್ದೆ ತಟ್ಟಿ ತಟ್ಟಿ, ಕರಿಯುವ ತಿಂಡಿ ಸುತ್ತಲು ಬೇಕಾದ ಕಾಗದದಂಥ ಮಲ್ಸೂಕಾ ಹಾಳೆ ಎಬ್ಬಿಸುತ್ತ ಮಧ್ಯಾಹ್ನದವರೆಗೂ ಕೂತಿರುತ್ತಿದ್ದಳು. ರಂಜಾನ್ ಬಂತೆಂದರೆ ಅವಳ ಬಾಗಿಲಿಗೆ ಉದ್ದ ಸಾಲು. ಹಾಳೆ ಕೊಂಡವರಿಗೆಲ್ಲ ಬೈಗುಳ ಪುಕ್ಕಟೆ.

ಕೂತು ಕೂತು ಮಂಡಿ ಹಿಡಿದುಕೊಂಡಿತು. ಆಸ್ಪತ್ರೆಯಲ್ಲಿ ಆ ಮಂಡಿ ನೋಡಿದ ನರ್ಸು ಸ್ಟೊಯಾಂಕಾ, ಬಲ್ಗೇರಿಯಾದವಳು. ಎರಡು ವರ್ಷದ ಕೆಲಸಕ್ಕೆಂದು ಬಂದು ಇಲ್ಲೇ ಉಳಿದು, ಬಂದರಿನವರ ಭಾಷೆಯನ್ನು ಅವರ ಬೈಗುಳ ಸಮೇತ ಕಲಿತವಳು.

"ಮಾತ್ರೆ ಗೀತ್ರೆ ಬೇಡ. ನಾಳೆ ಬೆಳಗ್ಗೆ ಆರಕ್ಕೆ ದೋಣಿ ಇಳಿಸೋ ಜಾಗಕ್ಕೆ ಬಾ. ಹಳೇ ಪೈಜಾಮ ಹಾಕ್ಕೊಂಡು ಬಾ" ಎಂದಳು ಅವಳು.

"ಮುಳುಗಿ ಸತ್ರೆ?"

"ಮಂಡಿ ನೋವು ಹೋಗುತ್ತಲ್ಲ."

ಹಾಗೆ ಇಬ್ಬರಿಂದ ಶುರುವಾದದ್ದು ಒಂಬತ್ತು ವರ್ಷದಲ್ಲಿ ಹನ್ನೊಂದು ಹೆಂಗಸರ ಸಂಘವಾಯಿತು. ದಿನಾ ಬೆಳಗ್ಗೆ ದಡದ ಉದ್ದಕ್ಕೆ ಬಿಳಿ ಬಂಡೆಯವರೆಗೆ ಈಜು, ಅಲ್ಲಿಂದ ವಾಪಸು. ಸಂಘಕ್ಕಿದ್ದದ್ದು ಒಂದೇ ನಿಯಮ: ಎಲ್ಲರೂ ಪಕ್ಕಪಕ್ಕದಲ್ಲಿ ಈಜಬೇಕು, ಎಲ್ಲರಿಗಿಂತ ಗಟ್ಟಿಗಿತ್ತಿ ಕಡಲ ಕಡೆ ಇರಬೇಕು. ಆ ಜಾಗ ಸ್ಟೊಯಾಂಕಾಳದು. ಅವಳ ಪಕ್ಕದ್ದು ವಸೀಲಾಳದು. ಸ್ಟೊಯಾಂಕಾ ಬಿಟ್ಟರೆ ವಸೀಲಾಳೇ ಸೈ ಎಂದು ಉಳಿದವರೆಲ್ಲ ನಂಬಿದ್ದರು. ವಸೀಲಾ ಕೂಡ ಆ ನಂಬಿಕೆಗೆ ಚೆನ್ನಾಗಿಯೇ ನೀರೆರೆದಿದ್ದಳು.

ನಿಜ ಏನೆಂದರೆ, ಈ ಒಂಬತ್ತು ವರ್ಷದಲ್ಲಿ ಅವಳು ಒಮ್ಮೆಯೂ ತೆರೆದ ಕಡಲನ್ನು ನೇರ ನೋಡುತ್ತ ಈಜಿದವಳಲ್ಲ. ಆ ಕಡೆ ತಿರುಗಿದಾಗೆಲ್ಲ ಅವಳ ಕಣ್ಣು ಸ್ಟೊಯಾಂಕಾಳ ಹಸಿರು ಟೋಪಿಯ ಮೇಲೇ ಇರುತ್ತಿತ್ತು. ಟೋಪಿ ನಾಲ್ಕು ಮೊಳ ದೂರ ಸರಿದರೂ ಸಾಕು, ಅವಳ ಕೈಕಾಲು ಕಲ್ಲಾಗುತ್ತಿದ್ದವು.

ಈ ಸೆಪ್ಟೆಂಬರಿನಲ್ಲಿ ಸ್ಟೊಯಾಂಕಾ ಊರಿಗೆ ಹೊರಟಳು. ಪ್ಲೊವ್ದಿವ್‌ನಲ್ಲಿ ಅಕ್ಕ ಒಬ್ಬಳೇ ಆಗಿದ್ದಾಳೆ, ಬಾ ಬಾ ಎಂದು ಕರೆಯುತ್ತಿದ್ದಾಳೆ. ಸಂಘದ ಕಾರ್ಯದರ್ಶಿ ನಜೀಹಾ, ನಿವೃತ್ತ ಟೀಚರ್, ಕೂಡಲೇ ಸನ್ಮಾನದ ಪಟ್ಟಿ ಬರೆದಳು: ನಾಲ್ಕು ಪುಟದ ಭಾಷಣ, ಮೀನಿನ ಕುಸ್ಕುಸ್, ಗಾಡಿ ಚಕ್ರದಷ್ಟು ದೊಡ್ಡ ಬಣ್ಣದ ಪಿಂಗಾಣಿ ತಟ್ಟೆ.

ಸ್ಟೊಯಾಂಕಾ ಬಿದ್ದು ಬಿದ್ದು ನಕ್ಕಳು. "ಆ ತಟ್ಟೆ ವಿಮಾನ ಹತ್ತಬೇಕಾದ್ರೆ ನಾನು ಇಳೀಬೇಕಾಗುತ್ತೆ ಕಣೇ!"

"ಮತ್ತೇನು ಬೇಕಮ್ಮ ನಿನಗೆ? ಸುಮ್ನೆ ಕಳಿಸೋಕಾಗುತ್ತಾ?" ನಜೀಹಾಗೆ ಭಾಷಣ ಕೈತಪ್ಪುವ ಚಿಂತೆ.

"ಭಾನುವಾರ ನನ್ನ ಕೊನೇ ಈಜು. ಅವತ್ತೊಂದು ದಿನ ದಡದ ಕಡೆ ಈಜ್ತೀನಿ. ಅಷ್ಟು ಕೊಡಿ ಸಾಕು."

ಹಾಗಾದರೆ ಕಡಲ ಕಡೆಗೆ ಯಾರು? ಎಲ್ಲರೂ ವಸೀಲಾಳತ್ತ ತಿರುಗಿದರು. ಒಂಬತ್ತು ವರ್ಷ ಜಂಬ ಕೊಚ್ಚಿದ ಬಾಯಿ "ಅದಕ್ಕೇನಂತೆ" ಎಂದುಬಿಟ್ಟಿತು.

ಶನಿವಾರ ಮಧ್ಯಾಹ್ನ ಅವಳು ಸ್ಟೊಯಾಂಕಾಳ ಮನೆಗೆ ಹೋಗಿ, ಕಟ್ಟುತ್ತಿದ್ದ ಪೆಟ್ಟಿಗೆಯ ಮೇಲೆಯೇ ಕುಳಿತಳು.

"ನನ್ನ ಕೈಲಿ ಆಗಲ್ಲ ಕಣೇ. ಇಷ್ಟು ವರ್ಷ ನಿನ್ನ ಟೋಪಿ ನೋಡ್ಕೊಂಡು ಈಜಿದವಳು ನಾನು."

"ಗೊತ್ತು."

"ಗೊತ್ತಿದ್ದೂ ಎಲ್ಲರೆದುರು ಕೇಳಿದ್ಯಾ, ಹಾಳಾದವಳೇ?"

"ನಾನು ಹೋದ ಮಾರನೇ ದಿನ ನೀನು ಅವರನ್ನೆಲ್ಲ ಮನೆಗೆ ಅಟ್ಟಿ ಹಾಳೆ ತಟ್ಟೋಕೆ ಕೂತ್ಕೊಳ್ತೀಯ. ಸಂಘ ಅಲ್ಲಿಗೆ ಮುಗೀತು. ಅದಕ್ಕೇ ನಾನಿರುವಾಗ್ಲೇ ಕೇಳಿದ್ದು. ಏಳು ಮೊದಲು, ಪೆಟ್ಟಿಗೆ ಮುರಿದೀತು."

ಭಾನುವಾರ ವಸೀಲಾ ಮಂಡಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತ ಬಂದಳು. "ಮಂಡಿ ಯಾಕೋ..." ಎಂದು ರಾಗ ಎಳೆದಳು.

"ಮಂಡಿಗೆ ಅಂತಲೇ ಅಲ್ವಾ ಅಕ್ಕಾ, ನಾವು ಈಜೋದು?" ಎಂದಳು ನಜೀಹಾ. ಎಲ್ಲರೂ ನಕ್ಕರು. ವಸೀಲಾ ದೇವರ ಹೆಸರು ಹೇಳಿ ನೀರಿಗಿಳಿದಳು.

ಮೊದಲ ಐವತ್ತು ಗಜ ಅವಳು ಬಲಗಡೆಗೇ ಕಣ್ಣು ನೆಟ್ಟು ಈಜಿದಳು. ಆಚೆ ತುದಿಯಲ್ಲಿ, ದಡದ ಹತ್ತಿರ, ಹಸಿರು ಟೋಪಿ ಏಳುತ್ತಿತ್ತು, ಬೀಳುತ್ತಿತ್ತು. ಹಿಂದಿರುಗೋಣ ಎನ್ನುವಷ್ಟರಲ್ಲಿ ಮೀನು ದೋಣಿಯೊಂದು ಹಾದುಹೋಗಿ, ಅದರ ಅಲೆ ಬಂದು ಪಕ್ಕದಲ್ಲಿದ್ದ ನಜೀಹಾಳ ಬಾಯಿ ತುಂಬಿತು. ನಜೀಹಾ ಕೆಮ್ಮಿ, ಕೈ ಬಡಿದು, ಮುಳುಗಿ ಎದ್ದಳು.

"ಬೆನ್ನ ಮೇಲೆ ಮಲಗೇ! ಬಾಯಿ ಮುಚ್ಚು, ಪಾಠ ಹೇಳೋ ಹೊತ್ತಲ್ಲ ಇದು!" ವಸೀಲಾ ಎರಡು ಬೀಸಿಗೆ ಅವಳನ್ನು ಮುಟ್ಟಿ, ಗದ್ದ ಹಿಡಿದು ಮೇಲೆತ್ತಿದಳು. "ಉಳಿದವರು ಏನು ನೋಡ್ತಿದ್ದೀರಿ? ಸಾಲು ಬಿಡಬೇಡಿ!"

ನಜೀಹಾ ಸುಧಾರಿಸಿಕೊಂಡ ಮೇಲೆ ವಸೀಲಾ ತನ್ನ ಜಾಗಕ್ಕೆ ಮರಳಿದಳು. ಆಗ ತಾನಾಗಿಯೇ ಮುಖ ಎಡಕ್ಕೆ ಹೊರಳಿತು. ಅಲ್ಲಿ ಯಾರೂ ಇರಲಿಲ್ಲ. ಬರೀ ನೀರು, ದೂರದಲ್ಲಿ ಒಂದು ಹಡಗು. ಇಷ್ಟಕ್ಕೇ ಹೆದರಿದ್ದೆನೇ ಎಂದು ಅವಳಿಗೆ ನಗು ಬಂತು. ನಕ್ಕಿದ್ದಕ್ಕೆ ಒಂದು ಗುಟುಕು ಉಪ್ಪುನೀರು ಕುಡಿದಳು.

ಬಿಳಿ ಬಂಡೆ ಹತ್ತಿ ಎಲ್ಲರೂ ಕೂತರು. ಸ್ಟೊಯಾಂಕಾ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಆಸ್ಪತ್ರೆಯಲ್ಲಾಗಲಿ ನೀರಿನಲ್ಲಾಗಲಿ ಅವಳು ಅತ್ತದ್ದನ್ನು ಯಾರೂ ಕಂಡಿರಲಿಲ್ಲ.

"ಕಣ್ಣಿಗೆ ಉಪ್ಪು ಹೋಯ್ತೇನೇ?" ಎಂದಳು ವಸೀಲಾ.

"ಈ ಊರಿಗೆ ಬಂದು ಮೂವತ್ತೊಂದು ವರ್ಷ ಆಯ್ತು. ಎಲ್ಲರ ಆಚೆ ಕಡೆ ನಾನೇ ನಿಂತಿದ್ದೆ. ನನ್ನ ಆಚೆ ಕಡೆ ಅಂತ ಒಬ್ಬರು ಇದ್ದದ್ದು ಇವತ್ತೇ."

ವಸೀಲಾ ತನ್ನ ಒದ್ದೆ ತೋಳಿನಿಂದಲೇ ಗೆಳತಿಯ ಮುಖ ಒರೆಸಿದಳು, ಅವಳ ಕಣ್ಣೂ ತುಂಬಿತ್ತು. ಆಮೇಲೆ ಸ್ಟೊಯಾಂಕಾಳ ಕೈ ಹಿಡಿದು ಎಬ್ಬಿಸಿದಳು.

"ವಾಪಸ್ ಈಜೋದು ಬಾಕಿ ಇದೆ. ಏಳು. ದಡದ ಕಡೆ ಬಾ."