ಕಿವಿ ಮೇಸ್ತ್ರಿಯ ಪುಟ್ಟ ಡಬ್ಬಿ

ತಗಡು ಒತ್ತುವ ಶೆಡ್ಡಿನಲ್ಲಿ ಅವನಿಗೆ ಕಿವಿ ಮೇಸ್ತ್ರಿ ಎಂದೇ ಹೆಸರು. ಇಪ್ಪತ್ತೆರಡು ವರ್ಷದಿಂದ ಯಾವ ಪ್ರೆಸ್ಸು ಕೆಟ್ಟರೂ ಪಕ್ಕದಲ್ಲಿ ತಲೆ ವಾಲಿಸಿ ನಿಂತು, ಇಂಥದೇ ಬೇರಿಂಗು ಹೋಗಿದೆ ಎಂದು ಬೆರಳಿಟ್ಟು ತೋರಿಸುವವನು. ಸದ್ದು ತಡೆಯಲೆಂದು ಕಂಪನಿ ಕೊಟ್ಟ ಇಯರ್‌ಪ್ಲಗ್ಗುಗಳು ಜೇಬಿನಲ್ಲೇ ಕೊಳೆಯುತ್ತಿದ್ದವು. "ಕಿವಿ ಮುಚ್ಕೊಂಡ್ರೆ ಮಿಷಿನ್ ಗೋಳು ಕೇಳೋರ್ಯಾರ್ರೀ, ನಿಮ್ಮಪ್ಪನಾ?" ಎಂದು ಸೂಪರ್‌ವೈಸರನ ಮೇಲೇ ಹರಿಹಾಯ್ದಿದ್ದ.

ಮನೆಗೆ ಬಂದರೆ ಹಾಡಿನ ಹುಚ್ಚು. ಒಂದು ಹಳೆಯ ಹಾಡಿನಲ್ಲಿ, ಗಾಯಕಿ ಬಾಯಿ ತೆರೆಯುವ ಮೊದಲು, ಸಣ್ಣ ಗಂಟೆಯೊಂದು ಮೂರು ಸಲ ಟಿಣ್ ಎನ್ನುತ್ತದೆ. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಅದನ್ನು ಕೇಳಿಸಿಕೊಟ್ಟವನೇ ಅವನು. ಈಗ ಎರಡು ವರ್ಷದಿಂದ ಆ ಸದ್ದು ಮಾಯ. ಇಯರ್‌ಫೋನು ಬದಲಾಯಿಸಿದ. ಫೋನಿಗೆ ಶಾಪ ಹಾಕಿದ. ಕೊನೆಗೆ ಮೊಬೈಲ್ ರಿಪೇರಿಯವನು ಹೇಳಿದ: "ಫೋನೊಳಗೆ ಅಂಕಿಗಳನ್ನ ದನಿ ಮಾಡೋ ಚಿಪ್ ಇರುತ್ತಲ್ಲ, ಅದು ಕಳಪೆ ಅಣ್ಣ. ಡ್ಯಾಕ್ ಅಂತ ತರಿಸಿಕೊಡ್ತೀನಿ, ಹೊರಗಿಂದ ಸಿಗಿಸೋದು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಹಾಡೋಳ ಉಸಿರೂ ಕೇಳುತ್ತೆ!"

ಅಷ್ಟು ಸಾಕಾಯಿತು. ಊಟಕ್ಕೆ ಕೂತರೂ ಡ್ಯಾಕ್, ಬಸ್ಸಿಗೆ ನಿಂತರೂ ಡ್ಯಾಕ್. "ನನ್ನ ನೋಡೋಕೆ ಬಂದಾಗ್ಲೂ ಇಷ್ಟು ಹಂಬಲಿಸಿರ್ಲಿಲ್ಲ ಬಿಡಿ," ಎಂದು ಹೆಂಡತಿ ಕಿಚಾಯಿಸಿದಳು.

ಭಾನುವಾರ ಡ್ಯಾಕ್ ಡಬ್ಬಿ ಬಂತು. ಅಂಗಿಯ ಅಂಚಿನಿಂದ ಒರೆಸಿ, ಫೋನಿಗೆ ಸಿಗಿಸಿ, ಕಣ್ಣು ಮುಚ್ಚಿ ಕೂತ. ಗಾಯಕಿ ಹಾಡಿಯೇಬಿಟ್ಟಳು. ಗಂಟೆ ಇಲ್ಲ. ಮತ್ತೆ ಹಾಕಿದ. ಇಲ್ಲ.

"ಆ ಬಡ್ಡೀಮಗ ಡೂಪ್ಲಿಕೇಟ್ ತಗಲಿಸಿದಾನೆ!"

"ಕೊಡಪ್ಪ ಇಲ್ಲಿ," ಎಂದು ಮಗಳು ಕಿವಿಗಿಟ್ಟುಕೊಂಡಳು. ಒಂದೊಂದೇ ಬೆರಳೆತ್ತಿದಳು: ಒಂದು, ಎರಡು, ಮೂರು. "ಅಬ್ಬ, ಪಕ್ಕದಲ್ಲೇ ಬಾರಿಸ್ದಂಗಿದೆ!" ಆಮೇಲೆ ಡಬ್ಬಿ ಕಿತ್ತು, ಇಯರ್‌ಫೋನನ್ನು ಬರೀ ಫೋನಿಗೆ ಚುಚ್ಚಿದಳು. ಮತ್ತೆ ಮೂರು ಬೆರಳು ಎದ್ದವು. "ಇದ್ರಲ್ಲೂ ಇದೆಯಲ್ಲಪ್ಪ. ಸ್ವಲ್ಪ ಮಂಕು, ಅಷ್ಟೇ."

ಅವನು ಹೆಂಡತಿಯ ಮುಖ ನೋಡಿದ.

"ಬಾಗಿಲ ಬೆಲ್ಲೂ ನಿಮಗೆ ಕೇಳಿಸ್ತಿಲ್ಲ ರೀ," ಎಂದಳು ಮೆಲ್ಲಗೆ. "ಹೇಳಿದ್ರೆ ಮೈಮೇಲೆ ಬರ್ತೀರ ಅಂತ ಸುಮ್ನಿದ್ದೆ."

ಅವನು ಮೈಮೇಲೆ ಬರಲಿಲ್ಲ. ಡಬ್ಬಿಯನ್ನು ಮಗಳ ಅಂಗೈಯಲ್ಲಿಟ್ಟು, ಗೋಡೆ ಕಡೆ ತಿರುಗಿ ಮಲಗಿಬಿಟ್ಟ.

ಮಾರನೆಯ ದಿನ ನಾಲ್ಕನೇ ಪ್ರೆಸ್ಸು ಕಿರುಗುಟ್ಟತೊಡಗಿತಂತೆ. "ಬನ್ನಿ ಮೇಸ್ತ್ರಿ, ಏನ್ ಹೇಳ್ತಿದೆ ನೋಡಿ ಇದು," ಎಂದು ಸೂಪರ್‌ವೈಸರ್ ಕೂಗಿದ. ಅವನು ಹೋಗಿ ಎಂದಿನಂತೆ ತಲೆ ವಾಲಿಸಿ ನಿಂತ. ಧಡಲ್ ಧಡಲ್ ಎನ್ನುವ ಹೊಡೆತ ಬಿಟ್ಟರೆ ಬೇರೇನೂ ಇಲ್ಲ. ಸುತ್ತ ನಿಂತವರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು. ಅವನು ಜೇಬಿಗೆ ಕೈಹಾಕಿ, ಆ ಕೊಳಕು ಇಯರ್‌ಪ್ಲಗ್ಗುಗಳನ್ನು ತೆಗೆದು ಎರಡೂ ಕಿವಿಗೆ ತುರುಕಿಕೊಂಡು, ತನ್ನ ಜಾಗಕ್ಕೆ ನಡೆದುಬಿಟ್ಟ.